ಉಪ್ಪಿಗೊಂದು ಸಾಕ್ಷಿ

ಅವ್ವಾ,

ನಿನ್ನೆ ಸಂಜೆ ನೀನು ಹಡಗಿನ ಪತ್ರ ಹಿಡಿದುಕೊಂಡು ಬಂದಾಗ ನಾನು ಹೆಚ್ಚು ಮಾತಾಡಲಿಲ್ಲ. ಮನೆ ತುಂಬ ಮಂದಿ ಇದ್ದರು. ನೀನು ಒಂದು ತಿಂಗಳು ನೀರಿನ ಮೇಲೆ ಇರುತ್ತೀ ಅಂತ ನಿಮ್ಮವ್ವನಿಗೆ ಚಿಂತೆ, ಇದರಿಂದ ಮುಂದೆ ನೌಕರಿ ಸಿಗುತ್ತದೋ ಇಲ್ಲವೋ ಅಂತ ನಿಮ್ಮಪ್ಪನಿಗೆ ಚಿಂತೆ. ನನ್ನ ಕಣ್ಣು ನಿಂತದ್ದು ಪತ್ರದ ಒಂದು ಸಾಲಿನ ಮೇಲೆ: ಸಿಟಿಡಿ ವಾಚ್ ಮತ್ತು ಲವಣಾಂಶದ ಮಾದರಿಗಳ ವಿಶ್ಲೇಷಣೆ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದು ಅದೇ ಕೆಲಸ. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಮ್ಮ ವಿದ್ಯಾನಗರದಿಂದ ಸಮುದ್ರ ಕಾಣುವುದಿಲ್ಲ. ನಮ್ಮ ಪಾಲಿನ ದೊಡ್ಡ ನೀರು ಅಂದರೆ ಉಣಕಲ್ ಕೆರೆ. ಆದರೂ ಇಲ್ಲಿಂದ ರಾತ್ರಿ ರೈಲು ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಘಾಟಿ ಇಳಿದರೆ ಮುಂಜಾನೆ ವಾಸ್ಕೊದಲ್ಲಿ ಉಪ್ಪು ಗಾಳಿ ಮುಖಕ್ಕೆ ಬಡಿಯುತ್ತದೆ. ನಾನೂ ನಿಮ್ಮ ಕಾಲೇಜಿನಲ್ಲೇ ಓದಿದವನು. 1947ರಲ್ಲಿ ಶುರುವಾದ ಆ ಭೂಮರಡ್ಡಿ ಕಾಲೇಜಿಗೆ ಈಗ ವಿಶ್ವವಿದ್ಯಾಲಯ ಅನ್ನುವ ಬೋರ್ಡು ಬಂದಿದೆ. ನಾನು ಓದುವಾಗ ಸಮುದ್ರ ಅನ್ನುವ ಶಬ್ದ ಯಾವ ಪಾಠದಲ್ಲೂ ಬಂದ ನೆನಪಿಲ್ಲ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, 1966ರ ಜನವರಿ 1ರಂದು ಹುಟ್ಟಿದ್ದು, ಅದಕ್ಕೆ ಗವೇಷಣಿ ಅನ್ನುವ ಹಡಗು ಇದೆ ಅನ್ನುವುದು ನನಗೆ ತಿಳಿದದ್ದು ನೌಕರಿ ಹುಡುಕುವ ಹೊತ್ತಿಗೆ. ಆಮೇಲೆ 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಸಾಗರ ಕನ್ಯಾ ಬಂತು, 2014ರಲ್ಲಿ ಸಿಂಧು ಸಾಧನಾ ಬಂತು. ಹಡಗುಗಳು ದೊಡ್ಡವಾದವು, ಯಂತ್ರಗಳು ಜಾಣವಾದವು. ನಾನು ನಿನಗೆ ಹೇಳಬೇಕಾದ ಮಾತು ಮಾತ್ರ ಅವತ್ತಿನದೇ ಇವತ್ತಿಗೂ.

ಸಿಟಿಡಿ ಏನು ಅಂತ ನಿನಗೆ ಹೇಳಬೇಕಿಲ್ಲ. ಆದರೆ ಇದನ್ನು ನಿಮ್ಮವ್ವ ಓದೇ ಓದುತ್ತಾಳೆ, ಅವಳಿಗಾಗಿ ಎರಡು ಮಾತು. ಆಳೆತ್ತರದ ಉಕ್ಕಿನ ಚೌಕಟ್ಟು, ಅದರ ಸುತ್ತ ಕೊಳವೆಯಂಥ 12 ಅಥವಾ 24 ನಿಸ್ಕಿನ್ ಬಾಟಲಿಗಳು, ಅಡಿಯಲ್ಲಿ ಸೆನ್ಸರುಗಳು. ವಿಂಚಿನ ತಂತಿಗೆ ಕಟ್ಟಿ ಇದನ್ನು ಮೂರು, ನಾಲ್ಕು ಸಾವಿರ ಮೀಟರ್ ಆಳಕ್ಕೆ ಇಳಿಸುತ್ತಾರೆ. ಇಳಿಯುತ್ತಾ ಅದು ಸೆಕೆಂಡಿಗೆ 24 ಸಲ ನೀರಿನ ವಿದ್ಯುದ್ವಾಹಕತೆ, ಉಷ್ಣಾಂಶ, ಒತ್ತಡ ಹೇಳುತ್ತಾ ಹೋಗುತ್ತದೆ. ಉಪ್ಪನ್ನು ಅದು ನೇರವಾಗಿ ಅಳೆಯುವುದಿಲ್ಲ. ಉಪ್ಪು ಹೆಚ್ಚಿದಂತೆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ನೀರು ಬೆಚ್ಚಗಾದರೂ ಹಾಗೇ ಹರಿಯುತ್ತದೆ. ಎರಡನ್ನೂ ಬಿಡಿಸಿ ನೋಡಿ ಲೆಕ್ಕದಿಂದ ಲವಣಾಂಶ ತೆಗೆಯುತ್ತೇವೆ. ಹಾಗಾಗಿ ಉಷ್ಣಾಂಶದಲ್ಲಿ ಡಿಗ್ರಿಯ ಸಾವಿರದ ಒಂದು ಪಾಲು ತಪ್ಪಿದರೆ ಲವಣಾಂಶದಲ್ಲೂ ಹೆಚ್ಚುಕಡಿಮೆ 0.001ರಷ್ಟು ತಪ್ಪು ಬೀಳುತ್ತದೆ. ತೆರೆದ ಸಮುದ್ರದ ನೀರಿನ ಲವಣಾಂಶ 35ರ ಆಸುಪಾಸು, ಅಂದರೆ ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು. ಆಳದ ನೀರಿಗೆ ನಾವು ಬಯಸುವ ನಿಖರತೆ 0.002. ಒಂದು ಕೊಡ ನೀರಿಗೆ ಎರಡು ಚಿಟಿಕೆ ಉಪ್ಪು ಹೆಚ್ಚು ಬಿದ್ದರೂ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಗುತ್ತದೆ.

ಈಗ ನಿನಗೆ ಹೇಳುವ ಮಾತು. ಸೆನ್ಸರು ತಾನು ಕೆಟ್ಟಿದ್ದೇನೆ ಅಂತ ಎಂದೂ ಹೇಳುವುದಿಲ್ಲ. ಪೂರ್ತಿ ಸತ್ತರೆ ತಿಳಿಯುತ್ತದೆ, ಪರದೆಯ ಮೇಲೆ ಗೆರೆ ಹುಚ್ಚೆದ್ದು ಓಡುತ್ತದೆ. ಆದರೆ ದಿನಕ್ಕೊಂದು ಕೂದಲೆಳೆಯಷ್ಟು ಸರಿಯುತ್ತಾ ಹೋಗುವ ಸೆನ್ಸರು ತನ್ನ ಗೆರೆಯನ್ನು ಅಷ್ಟೇ ಚೆಂದಾಗಿ ಬರೆಯುತ್ತದೆ, ನಾಲ್ಕು ದಶಾಂಶ ಸ್ಥಾನ ತೋರಿಸುತ್ತದೆ. ಆ ನಾಲ್ಕು ಅಂಕಿ ನೋಡಿ ನಂಬಿಬಿಡಬೇಡ.

ನಮ್ಮಪ್ಪನ ಕಿರಾಣಿ ಅಂಗಡಿ ದುರ್ಗದ ಬೈಲಿನಲ್ಲಿ ಇತ್ತಲ್ಲ, ಅಲ್ಲಿ ಮುಂಜಾನೆ ಬಾಗಿಲು ತೆಗೆದ ಕೂಡಲೇ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಖಾಲಿ ತಕ್ಕಡಿ ಎತ್ತಿ ಮುಳ್ಳು ನೆಟ್ಟಗೆ ನಿಲ್ಲುತ್ತದೋ ಇಲ್ಲವೋ ನೋಡುವುದು. ಆಮೇಲೆ ಊದಿನಕಡ್ಡಿ. ತಟ್ಟೆಗೆ ಬೆಲ್ಲ ಅಂಟಿದ್ದರೆ ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಸರಕಾರಿ ಮುದ್ರೆ ಬೀಳುತ್ತಿತ್ತು, ಆ ಮುದ್ರೆ ಹೊಡೆಯುವವರ ಹತ್ತಿರ ಅದಕ್ಕಿಂತ ನಿಖರವಾದ ಕಲ್ಲು ಇರುತ್ತಿತ್ತು. ನಮ್ಮ ಕೆಲಸವೂ ಪೂರಾ ಇದೇ ಕ್ರಮದ್ದು. ಸೆನ್ಸರಿಗೆ ಬಾಟಲಿ ನೀರು ಸಾಕ್ಷಿ. ಬಾಟಲಿ ನೀರನ್ನು ಅಳೆಯುವ ಯಂತ್ರಕ್ಕೆ ಪ್ರಮಾಣ ಸಮುದ್ರಜಲ ಸಾಕ್ಷಿ. ಆ ಪ್ರಮಾಣ ಜಲಕ್ಕೆ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣ ಸಾಕ್ಷಿ: 1 ಕಿಲೋ ದ್ರಾವಣದಲ್ಲಿ 32.4356 ಗ್ರಾಂ. 15 ಡಿಗ್ರಿಯಲ್ಲಿ ಅದರಷ್ಟೇ ವಿದ್ಯುತ್ತು ಹರಿಸುವ ಸಮುದ್ರದ ನೀರಿಗೆ ಲವಣಾಂಶ 35 ಅಂತ 1978ರ ಪ್ರಮಾಣ ಕಟ್ಟಿಕೊಟ್ಟಿದೆ. ಈ ಸರಪಳಿಯಲ್ಲಿ ಹಡಗಿನ ಮೇಲೆ ನಿನ್ನ ಕೈಗೆ ಸಿಗುವುದು ನಡುವಿನ ಕೊಂಡಿಗಳು. ಅವು ಸಡಿಲಾದರೆ ಎರಡು ತುದಿ ಎಷ್ಟು ಗಟ್ಟಿ ಇದ್ದರೂ ಉಪಯೋಗವಿಲ್ಲ.

ಬಾಟಲಿ ತುಂಬಿಸುವುದು ಹುಡುಗಾಟದ ಕೆಲಸ ಅಂತ ಹೊಸಬರಿಗೆ ಅನಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಅಲ್ಲಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರೊಸೆಟ್ ಅಂತ ಕರೆಯುವ ಆ ಬಾಟಲಿಗಳ ಚೌಕಟ್ಟು ಡೆಕ್ಕಿಗೆ ಬಂದ ಮೇಲೆ ಆಮ್ಲಜನಕದವರು ಮೊದಲು ನೀರು ಹಿಡಿಯುತ್ತಾರೆ. ಗಾಳಿ ತಗುಲಿದರೆ ಅವರ ಮಾದರಿ ಕೆಡುತ್ತದೆ. ಇಂಗಾಲದವರು, ಪೋಷಕಾಂಶದವರು ಆಮೇಲೆ. ಉಪ್ಪಿನವರ ಸರದಿ ಕೊನೆಗೆ. ಕಾಯುವಾಗ ಬೇಸರ ಮಾಡಿಕೊಳ್ಳಬೇಡ. ಯಾವ ನಿಸ್ಕಿನ್ನಿನ ಅಡಿಯಿಂದ ನೀರು ಸೋರುತ್ತಿದೆ, ಯಾವುದರ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತ ಅಷ್ಟರಲ್ಲಿ ಸುತ್ತು ಹಾಕಿ ನೋಡಿಕೊ. ನಿನ್ನ ಸರದಿ ಬಂದಾಗ ಗಾಜಿನ ಬಾಟಲಿಗೆ ಅದೇ ನೀರು ಸ್ವಲ್ಪ ಹಿಡಿದು, ಮುಚ್ಚಿ, ಅಲುಗಿಸಿ, ಆ ನೀರನ್ನು ಮುಚ್ಚಳದ ಮೇಲೂ ಹರಿಸಿ ಚೆಲ್ಲು. ಹೀಗೆ ಮೂರು ಸಲ. ನಾಲ್ಕನೆಯ ಸಲ ಭುಜದ ತನಕ ತುಂಬು, ಕಂಠದ ತನಕ ಬೇಡ. ತಣ್ಣನೆಯ ನೀರು ಬೆಚ್ಚಗಾದಾಗ ಹಿಗ್ಗಲು ಜಾಗ ಬೇಕು. ಬಾಯಿಯ ಹೊರಗಿನ ತಿರುಪನ್ನು ಒಣ ಕಾಗದದಿಂದ ಒರೆಸು. ಅಲ್ಲಿ ಉಳಿದ ಹನಿ ಒಣಗಿ ಉಪ್ಪಿನ ಹರಳಾಗುತ್ತದೆ, ನಾಳೆ ನೀನು ಮುಚ್ಚಳ ತೆಗೆದಾಗ ಆ ಹರಳು ಒಳಗೆ ಬೀಳುತ್ತದೆ. ಒಂದೇ ಒಂದು ಹರಳು ಬಿದ್ದರೂ ನಿನ್ನ ಮೂರನೆಯ ದಶಾಂಶ ಹೋಯಿತು ಅಂತ ತಿಳಿ. ಬಾಟಲಿಯ ಬಾಯೊಳಗೆ ಬೆರಳು ಹಾಕಬೇಡ. ಬೆವರಿನಲ್ಲೂ ಉಪ್ಪಿದೆ. ನಿಮ್ಮವ್ವ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕ್ಯಾಬಿನ್ನಿನಲ್ಲೇ ತಿನ್ನು, ಲ್ಯಾಬಿಗೆ ಒಯ್ಯಬೇಡ. ಕೈ ತೊಳೆದು ಒರೆಸಿಕೊಂಡೇ ಬಾಟಲಿ ಮುಟ್ಟು.

ಬಾಟಲಿ ನಂಬರು, ನಿಸ್ಕಿನ್ ನಂಬರು, ಆಳ ಇವನ್ನು ಆಗಿಂದಾಗಲೇ ಪೆನ್ಸಿಲಿನಿಂದ ಬರೆ. ನೀರು ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ.

ಹಾಗೆ ತುಂಬಿದ ಬಾಟಲಿಗಳನ್ನು ಆಟೋಸಾಲ್, ಅಂದರೆ ಬಾಟಲಿ ನೀರಿನ ಲವಣಾಂಶ ಅಳೆಯುವ ಯಂತ್ರ, ಇರುವ ಕೋಣೆಯಲ್ಲೇ ಒಂದು ದಿನ ಇಡು. 3000 ಮೀಟರ್ ಆಳದ ನೀರು ಎರಡು ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ, ಅದು ಕೋಣೆಯ ಬಿಸಿಗೆ ಬರಬೇಕು. ಯಂತ್ರದ ಒಳಗಿನ ತೊಟ್ಟಿಯನ್ನು 24 ಡಿಗ್ರಿಗೆ ಇಟ್ಟರೆ ಕೋಣೆ ಅದಕ್ಕಿಂತ ಒಂದೆರಡು ಡಿಗ್ರಿ ತಂಪಾಗಿ, ಮುಖ್ಯವಾಗಿ ಒಂದೇ ಸಮ ಇರಬೇಕು. ಯಾರಾದರೂ ಬಾಗಿಲು ತೆಗೆದು ನಿಂತು ಹರಟೆ ಹೊಡೆಯುತ್ತಿದ್ದರೆ ಹಿರಿಯರಾದರೂ ಸರಿ, ಕೈಮುಗಿದು ಹೊರಗೆ ಕಳಿಸು. ಅಳೆಯುವ ಮುಂಚೆ ಪ್ರತಿ ಬಾಟಲಿಯನ್ನೂ ಮೆಲ್ಲಗೆ ತಲೆಕೆಳಗು ಮಾಡು. ಒಳಗೆ ಆವಿಯಾಗಿ ಮುಚ್ಚಳಕ್ಕೆ ಅಂಟಿದ ಸಿಹಿನೀರು ಮತ್ತೆ ಬೆರೆಯಬೇಕು. ಗಾಜಿನ ಕೋಶದ ನಾಲ್ಕು ತೋಳುಗಳಲ್ಲಿ ಗುಳ್ಳೆ ಸಿಕ್ಕಿಕೊಂಡಿದೆಯೋ ಅಂತ ಕಣ್ಣಾರೆ ನೋಡು. ಗುಳ್ಳೆ ಇದ್ದರೆ ಆ ಓದನ್ನು ಬರೆಯಬೇಡ, ತೊಳೆದು ಮತ್ತೆ ತುಂಬು.

ಪ್ರಮಾಣ ಸಮುದ್ರಜಲದ ಕಥೆ ನನಗೆ ಬಹಳ ಇಷ್ಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ ಜಗತ್ತಿನ ಎಲ್ಲ ಹಡಗುಗಳಿಗೂ ಒಂದೇ ನೀರು ಅಳತೆಗೋಲಾಗಲಿ ಅಂತ ಈ ಪದ್ಧತಿಗೆ ನೆಲೆ ಹಾಕಿದ. ಅಟ್ಲಾಂಟಿಕ್ಕಿನ ನೀರು ತಂದು, ಸೋಸಿ, ಉಪ್ಪನ್ನು ಸರಿದೂಗಿಸಿ, ಗಾಜಿನಲ್ಲಿ ಮುಚ್ಚಿ ಕಳಿಸುತ್ತಿದ್ದರು. ಹಳಬರು ಅದನ್ನು ಕೋಪನ್‌ಹೇಗನ್ ನೀರು ಅಂತಲೇ ಕರೆಯುತ್ತಿದ್ದರು. 1975ರಲ್ಲಿ ಆ ಕೆಲಸ ಇಂಗ್ಲೆಂಡಿಗೆ ಹೋಯಿತು, ಈಗಲೂ ಅಲ್ಲಿಂದಲೇ ಬರುತ್ತದೆ. ನನ್ನ ಕಾಲದಲ್ಲಿ ಅದು ಎರಡೂ ತುದಿ ಕರಗಿಸಿ ಮುಚ್ಚಿದ ಉದ್ದನೆಯ ಗಾಜಿನ ಆಂಪೂಲಿನಲ್ಲಿ ಇರುತ್ತಿತ್ತು. ಅರದಿಂದ ಒಂದು ಗೀರು ಎಳೆದು, ಉಸಿರು ಬಿಗಿಹಿಡಿದು ತುದಿ ಮುರಿಯಬೇಕು. ಹಡಗು ಹೊರಳುವಾಗ ಆ ಕೆಲಸ ಮಾಡಿದ್ದರ ಗುರುತು ನನ್ನ ಎಡಗೈ ಹೆಬ್ಬೆರಳಿನಲ್ಲಿ ಇನ್ನೂ ಇದೆ. ಈಗ ಬಾಟಲಿಯಲ್ಲಿ ಬರುತ್ತದೆ. ಲೇಬಲ್ಲಿನ ಮೇಲೆ 0.9999ರ ಹತ್ತಿರದ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಆಟೋಸಾಲ್ ಅದರ ಎರಡರಷ್ಟನ್ನು ತೋರಿಸಬೇಕು. ದಿನದ ಆರಂಭದಲ್ಲಿ ಹೊಸ ಬಾಟಲಿ ತೆಗೆದು ಯಂತ್ರವನ್ನು ಅದಕ್ಕೆ ಹೊಂದಿಸು. ಆಮೇಲೆ ಹೊಂದಿಸುವ ಗುಂಡಿಯನ್ನು ಮುಟ್ಟಬೇಡ. ದಿನದ ಕೊನೆಗೆ ಇನ್ನೊಂದು ಹೊಸ ಬಾಟಲಿ ತೆಗೆದು ಯಂತ್ರ ಎಷ್ಟು ಸರಿದಿದೆ ಅಂತ ಬರೆದಿಡು. ಬೆಳಿಗ್ಗೆ ತೆರೆದ ಬಾಟಲಿಯಲ್ಲಿ ಅರ್ಧ ಉಳಿದಿದೆ, ಸಂಜೆಗೂ ಅದನ್ನೇ ಬಳಸಿದರಾಯಿತು ಅಂತ ಯಾರೋ ಹೇಳೇ ಹೇಳುತ್ತಾರೆ. ತುಟ್ಟಿ ನೀರು, ಉಳಿಸುವ ಆಸೆ ಸಹಜ. ಕೇಳಬೇಡ. ತೆರೆದ ಮೇಲೆ ಅದು ಪ್ರಮಾಣವಾಗಿ ಉಳಿಯುವುದಿಲ್ಲ.

ಈಗ ನನ್ನ ಒಂದು ತಪ್ಪು ಹೇಳುತ್ತೇನೆ. ಇದನ್ನು ನಿಮ್ಮಜ್ಜಿಗೂ ಹೇಳಿರಲಿಲ್ಲ.

ನೌಕರಿಗೆ ಸೇರಿ ಕೆಲವೇ ವರ್ಷ ಆಗಿತ್ತು. ಅರಬ್ಬೀ ಸಮುದ್ರದಲ್ಲಿ ಇದ್ದೆವು, ನಡುರಾತ್ರಿ ಹನ್ನೆರಡರಿಂದ ನಾಲ್ಕರ ವಾಚ್ ನನ್ನದು. ಆ ರಾತ್ರಿ ಲವಣಾಂಶದ ಓದುಗಳನ್ನು ಸಿಟಿಡಿ ಅಂಕಿಗಳ ಪಕ್ಕ ಇಟ್ಟು ನೋಡಿದರೆ ಬಾಟಲಿಗಳು 0.02ರಷ್ಟು ಹೆಚ್ಚು ತೋರಿಸುತ್ತಿದ್ದವು. ಮೂರು ದಿನದ ಹಿಂದೆ ಎರಡೂ ಹೊಂದುತ್ತಿದ್ದವು. ನಾನು ಯೋಚಿಸಿದೆ: ಮುಚ್ಚಳ ಸಡಿಲಿದ್ದಿರಬೇಕು, ನೀರು ಆವಿಯಾಗಿ ಉಪ್ಪು ಹೆಚ್ಚಿದೆ. ಕಾರಣ ಸರಿಯಾಗಿಯೇ ಕೂತಿತು. ಮುಚ್ಚಳ ಹಾಕಿದವನು ನಾನೇ. ಹಿರಿಯರಿಗೆ ಹೇಳಿದರೆ ಬೈಸಿಕೊಳ್ಳಬೇಕು. ಓದುಗಳನ್ನು ಬರೆದಿಡದೆ, ಆ ಬಾಟಲಿಗಳ ಮುಂದೆ 'ಕೆಟ್ಟ ಮಾದರಿ' ಅಂತಷ್ಟೇ ಬರೆದು, ನೀರು ಚೆಲ್ಲಿ, ಮುಂದಿನ ಸ್ಟೇಷನ್ನಿಗೆ, ಅಂದರೆ ಹಡಗು ನಿಲ್ಲಿಸಿ ಅಳೆಯುವ ಮುಂದಿನ ಜಾಗಕ್ಕೆ, ಬಾಟಲಿ ತೊಳೆದಿಟ್ಟೆ. ಮುಂದಿನ ಸ್ಟೇಷನ್ನಿನಲ್ಲೂ ಅದೇ ಆಯಿತು, ಅದನ್ನೂ ಚೆಲ್ಲಿದೆ. ಹೀಗೆ ಆರು ಸ್ಟೇಷನ್.

ಬಂದರಿಗೆ ಬಂದ ಮೇಲೆ ಸೆನ್ಸರು ಬಿಚ್ಚಿದರು. ವಾಹಕತೆಯ ಕೋಶದ ಗಾಜಿನ ಕೊಳವೆಯೊಳಗೆ ತೆಳ್ಳಗೆ ಲೋಳೆ ಕೂತಿತ್ತು. ಜೆಲ್ಲಿಮೀನಿನದೋ ಮತ್ತೆ ಯಾವುದರದೋ, ಬೆರಳಿಗೆ ಹತ್ತಿದರೆ ಗೊತ್ತಾಗುವಷ್ಟೂ ಇರಲಿಲ್ಲ. ಕೊಳವೆ ಒಳಗಿಂದ ಕಿರಿದಾದರೆ ಹರಿಯುವ ವಿದ್ಯುತ್ತು ಕಡಿಮೆಯಾಗುತ್ತದೆ, ಸೆನ್ಸರು ನೀರಿನ ಉಪ್ಪನ್ನು ಕಡಿಮೆ ಹೇಳುತ್ತದೆ. ಬಾಟಲಿಗಳು ಖರೇ ಹೇಳಿದ್ದವು. ನಾನು ಅವುಗಳ ನೀರನ್ನೇ ಚೆಲ್ಲಿದ್ದೆ. ಆ ಆರು ಸ್ಟೇಷನ್ನುಗಳ ಲವಣಾಂಶವನ್ನು ತಿದ್ದಲು ನಮ್ಮ ಹತ್ತಿರ ಒಂದು ಹನಿಯೂ ಉಳಿದಿರಲಿಲ್ಲ. ಲೋಳೆ ಯಾವಾಗ ಕೂತಿತು, ಯಾವಾಗ ಎಷ್ಟು ಹೆಚ್ಚಿತು ಅನ್ನುವುದೂ ನನ್ನ ಲಾಗ್ ಪುಸ್ತಕದಿಂದ ತಿಳಿಯುವಂತಿರಲಿಲ್ಲ.

ನನ್ನ ಹಿರಿಯರು ಬೈಯಲಿಲ್ಲ. ಅವರೂ ನಮ್ಮ ಕಡೆಯವರೇ. ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ತಮ್ಮಾ, ಬಾಟ್ಲಿ ಸುಳ್ಳು ಹೇಳಿದ್ರ ಒಂದೊಂದು ಒಂದೊಂದು ಥರಾ ಹೇಳ್ತಾವ. ಒಂದ್ರ ಮುಚ್ಚಳಾ ಸಡ್ಲ ಇರ್ತದ, ಇನ್ನೊಂದ್ರದ್ದು ಬಿಗಿ ಇರ್ತದ. ಹನ್ನೆರಡೂ ಕೂಡಿ ಒಂದ ಮಾತು ಹೇಳಿದ್ರ ಅದನ್ನ ಕೇಳ್ಬೇಕಪಾ."

ಈ ಮಾತನ್ನು ನಾನು ನೂರಾರು ಹುಡುಗರಿಗೆ ಹೇಳಿದ್ದೇನೆ. ಆದರೆ ವಯಸ್ಸಾದಂತೆ ಇದಕ್ಕೆ ಒಂದು ಮಾತು ಸೇರಿಸುವುದನ್ನು ಕಲಿತೆ. ಹನ್ನೆರಡೂ ಬಾಟಲಿ ಕೂಡಿ ತಪ್ಪು ಹೇಳುವುದೂ ಸಾಧ್ಯ, ಅಳೆಯುವ ಆಟೋಸಾಲನ್ನೇ ಅವತ್ತು ತಪ್ಪಾಗಿ ಹೊಂದಿಸಿದ್ದರೆ. ಅದಕ್ಕೇ ದಿನದ ಎರಡು ತುದಿಗೆ ಎರಡು ಹೊಸ ಪ್ರಮಾಣ ಬಾಟಲಿ ಅಂತ ಅಷ್ಟು ಒತ್ತಿ ಹೇಳಿದ್ದು. ಈಗಿನ ಸಿಟಿಡಿಗಳಲ್ಲಿ ಉಷ್ಣಾಂಶಕ್ಕೆ ಎರಡು, ವಾಹಕತೆಗೆ ಎರಡು ಸೆನ್ಸರು ಇರುತ್ತವೆ. ಅವು ಬೇರೆಯಾದರೆ ಏನೋ ಆಗಿದೆ ಅಂತ ತಿಳಿಯುತ್ತದೆ, ಯಾವುದು ತಪ್ಪು ಅಂತ ತಿಳಿಯುವುದಿಲ್ಲ. ವಾಹಕತೆಯ ಪಂಚಾಯ್ತಿ ಬಗೆಹರಿಸಲು ಮತ್ತೆ ಬಾಟಲಿಯೇ ಬೇಕು.

ಆದ್ದರಿಂದ ಕೋಶವನ್ನು ತೊಳೆಯುವುದರಲ್ಲಿ ಸೋಮಾರಿತನ ಬೇಡ. ಪ್ರತಿ ಕಾಸ್ಟ್, ಅಂದರೆ ಸಿಟಿಡಿಯನ್ನು ಒಮ್ಮೆ ಇಳಿಸಿ ಎತ್ತುವುದು, ಆದ ಮೇಲೆ ಬಟ್ಟಿ ಇಳಿಸಿದ ನೀರನ್ನು ಸಿರಿಂಜಿನಿಂದ ಹಾಯಿಸು, ಮುಂದಿನ ಕಾಸ್ಟ್ ತನಕ ಕೊಳವೆಯಲ್ಲಿ ನೀರು ನಿಂತಿರಲಿ. ಡೆಕ್ಕಿನ ಬಿಸಿಲಿಗೆ ಸಮುದ್ರದ ನೀರು ಒಳಗೇ ಒಣಗಿದರೆ ಉಪ್ಪು ಗಾಜಿಗೆ ಹತ್ತುತ್ತದೆ. ಆಗೀಗ ಟ್ರೈಟಾನ್ ಅನ್ನುವ ಮಾರ್ಜಕದ ತೆಳು ದ್ರಾವಣದಿಂದ ತೊಳೆ. ಒಳಗೆ ಕುಂಚ, ಕಡ್ಡಿ ಏನೂ ಹಾಕಬೇಡ, ವಿದ್ಯುದಗ್ರಗಳ ಮೇಲಿನ ಲೇಪ ಕಿತ್ತುಹೋಗುತ್ತದೆ. ತೊಳೆದ ದಿನ, ಹೊತ್ತು ಲಾಗಿನಲ್ಲಿ ಬರಲಿ.

ಉಷ್ಣಾಂಶದ ಮಾತು ಬೇರೆ. ವಾಹಕತೆಯ ಸೆನ್ಸರು ಸಾಮಾನ್ಯವಾಗಿ ಅನುಪಾತದಲ್ಲಿ ಸರಿಯುತ್ತದೆ, ವಾಹಕತೆ ಹೆಚ್ಚಿದ್ದಲ್ಲಿ ತಪ್ಪೂ ಹೆಚ್ಚು. ಉಷ್ಣಾಂಶದ ಸೆನ್ಸರು ಎಲ್ಲ ಕಡೆ ಒಂದೇ ಅಳತೆ ಸರಿಯುತ್ತದೆ, ಅದೂ ಬಹಳ ನಿಧಾನಕ್ಕೆ. ಬಾಟಲಿಯಲ್ಲಿ ನೀರು ತಂದು ಅದನ್ನು ಪರೀಕ್ಷಿಸಲು ಬರುವುದಿಲ್ಲ, ಮೇಲೆ ಬರುವಷ್ಟರಲ್ಲಿ ನೀರು ಬೆಚ್ಚಗಾಗಿರುತ್ತದೆ. ಹಿಂದೆ ಇದಕ್ಕೆ ತಲೆಕೆಳಗಾಗುವ ಥರ್ಮಾಮೀಟರ್ ಇತ್ತು, 1874ರಲ್ಲಿ ಲಂಡನ್ನಿನ ನೆಗ್ರೆಟ್ಟಿ ಮತ್ತು ಜಾಂಬ್ರಾ ಕಂಪನಿಯವರು ಮಾಡಿದ್ದು. ತಂತಿಯ ಗುಂಟ ಒಂದು ಗುಂಡು ಬಿಟ್ಟರೆ ಅದು ಕೆಳಗೆ ಹೋಗಿ ಬಡಿಯುತ್ತಿತ್ತು, ಬಾಟಲಿ ಮಗುಚುತ್ತಿತ್ತು, ಪಾದರಸದ ಎಳೆ ಆ ಆಳದಲ್ಲೇ ತುಂಡಾಗಿ ಅಲ್ಲಿಯ ಉಷ್ಣಾಂಶವನ್ನು ಹಿಡಿದಿಡುತ್ತಿತ್ತು. ಭೂತಗನ್ನಡಿ ಹಿಡಿದು ನೂರನೆಯ ಪಾಲಿನ ತನಕ ಓದುತ್ತಿದ್ದೆವು. ಒಬ್ಬ ಓದಿದ ಮೇಲೆ ಅದನ್ನು ನೋಡದೆ ಇನ್ನೊಬ್ಬ ಓದಬೇಕು ಅನ್ನುವ ಪದ್ಧತಿ ಇತ್ತು. ಆ ಪದ್ಧತಿ ಹೋದದ್ದು ನನಗೆ ಇವತ್ತಿಗೂ ನೋವು.

ಈಗ ಉಷ್ಣಾಂಶದ ಸೆನ್ಸರಿನ ಪರೀಕ್ಷೆ ದಡದ ಪ್ರಯೋಗಾಲಯದಲ್ಲಿ. ನೀರು, ಮಂಜುಗಡ್ಡೆ, ಆವಿ ಮೂರೂ ಒಟ್ಟಿಗೆ ಇರುವ ಬಿಂದು 0.01 ಡಿಗ್ರಿ. ಗ್ಯಾಲಿಯಂ ಕರಗುವ ಬಿಂದು 29.7646 ಡಿಗ್ರಿ. ಈ ಎರಡು ಗೂಟಗಳ ನಡುವೆ ಸಮುದ್ರದ ನೀರಿನ ಉಷ್ಣಾಂಶವನ್ನು ಹೊಸೆದು ಕಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅರಬ್ಬೀ ಸಮುದ್ರದ ಮೇಲ್ಮೈ ಹೆಚ್ಚುಕಡಿಮೆ ಗ್ಯಾಲಿಯಂ ಕರಗುವಷ್ಟೇ ಬೆಚ್ಚಗಿರುತ್ತದೆ ಅನ್ನುವುದು ನನಗೆ ಯಾವಾಗಲೂ ಆಶ್ಚರ್ಯ. ಯಾನಕ್ಕೆ ಮುಂಚೆ ಒಂದು ಪರೀಕ್ಷೆ, ಯಾನ ಮುಗಿದ ಮೇಲೆ ಇನ್ನೊಂದು, ಎರಡರ ನಡುವಿನ ವ್ಯತ್ಯಾಸವನ್ನು ದಿನಗಳ ಮೇಲೆ ಹಂಚುವುದು. ಎರಡನೆಯ ಪರೀಕ್ಷೆ ಎಷ್ಟೋ ಸಲ ಆಗುವುದೇ ಇಲ್ಲ. ಸೆನ್ಸರು ಮುಂದಿನ ಯಾನಕ್ಕೆ ಬೇಕು, ದುಡ್ಡಿಲ್ಲ, ಹೊತ್ತಿಲ್ಲ. ನೀನು ಸಣ್ಣವಳು, ನಿನ್ನ ಮಾತು ನಡೆಯಲಿಕ್ಕಿಲ್ಲ. ಆದರೂ ಕೇಳು. ಬರೆದು ಕೇಳು.

ಇಷ್ಟು ಸೂಕ್ಷ್ಮ ಯಾಕೆ ಅಂತ ನಿನ್ನೆ ನಿಮ್ಮಪ್ಪ ಕೇಳಿದ. ಅವನ ಪ್ರಶ್ನೆ ಸರಿಯಾದದ್ದೇ. ಹಡಗುಗಳು ಮುಂಗಾರಿನ ಅಧ್ಯಯನಕ್ಕೂ ಹೋಗುತ್ತವೆ, ಅದಕ್ಕೆ ಮೇಲಿನ ಪದರದಲ್ಲಿ 0.002 ಬೇಕಾಗುವುದಿಲ್ಲ, 0.01 ಆದರೂ ನಡೆಯುತ್ತದೆ. ಮುಂಗಾರಿಗೆ ಸಮುದ್ರದ ಬಿಸಿ ಮುಖ್ಯ: 1984ರಲ್ಲಿ ಸುಲೋಚನಾ ಗಾಡಗೀಳ್ ಮತ್ತು ಜೊತೆಗಾರರು ಸಮುದ್ರದ ಮೇಲ್ಮೈ 28 ಡಿಗ್ರಿ ದಾಟಿದ ಕಡೆ ದೊಡ್ಡ ಮೋಡಗಳು ಏಳುವ ಸಂಭವ ಹೆಚ್ಚು ಅಂತ ತೋರಿಸಿದರು. ಬಂಗಾಳಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ, ಮಳೆ ಎಲ್ಲ ಸೇರಿ ಸಿಹಿನೀರಿನ ಹೊದಿಕೆ ಹಾಸುತ್ತವೆ. ಆ ತೆಳು ಹೊದಿಕೆ ಕೆಳಗಿನ ತಂಪು ನೀರು ಮೇಲೆ ಬರದಂತೆ ತಡೆದು ಮೇಲ್ಮೈಯನ್ನು ಬೆಚ್ಚಗಿಡುತ್ತದೆ. 1999ರ ಜುಲೈ, ಆಗಸ್ಟಿನಲ್ಲಿ ಬಾಬ್‌ಮೆಕ್ಸ್ ಅನ್ನುವ ಅಧ್ಯಯನದಲ್ಲಿ ಸಾಗರ ಕನ್ಯಾ, ಸಾಗರಧ್ವನಿ ಎರಡು ಹಡಗು ಕೊಲ್ಲಿಯಲ್ಲಿ ಅಳೆದದ್ದು ಇದನ್ನೇ. 2016ರ ಜೂನ್, ಜುಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿನಯಚಂದ್ರನ್ ಅವರ ಮುಂದಾಳತ್ವದಲ್ಲಿ ಬ್ರಿಟನ್ನಿನವರ ಜೊತೆಗೂಡಿ ಸಿಂಧು ಸಾಧನಾ ಹೊರಟದ್ದೂ ಇದಕ್ಕೇ. ನಮ್ಮ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಹೆಸರು ಬಿತ್ತುವವರು ಕಾಯುವ ಮಳೆಯ ಲೆಕ್ಕ ಅಲ್ಲಿ ನಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ಓದು. ಮೇಲಿನ ಇನ್ನೂರು ಮೀಟರ್ ಅಷ್ಟೇ ಬೇಕಾದ ಯಾನದಲ್ಲೂ ಸೆನ್ಸರನ್ನು ಪರೀಕ್ಷಿಸಲು ಮೇಲಿನ ನೀರು ಬರುವುದಿಲ್ಲ. ಅಲ್ಲಿ ಒಂದು ಮೀಟರ್ ಇಳಿದರೆ ಉಪ್ಪು ಬೇರೆ, ಬಾಟಲಿ ಇರುವ ಎತ್ತರ ಬೇರೆ, ಸೆನ್ಸರು ಇರುವ ಎತ್ತರ ಬೇರೆ. ಹೊಂದದಿದ್ದರೆ ಯಾರನ್ನು ದೂರುವುದು? 1000 ಮೀಟರಿಗಿಂತ ಎಷ್ಟೋ ಕೆಳಗೆ, ನೀರು ಶಾಂತವಾಗಿ ಒಂದೇ ಸಮ ಇರುವ ಕಡೆ, ಲವಣಾಂಶ 34.7, 34.8ರ ಆಸುಪಾಸಿನಲ್ಲಿ ಅಲುಗಾಡದೆ ನಿಂತ ಕಡೆ ಹೋಗಿ ಕೇಳಬೇಕು. ಆದ್ದರಿಂದ ಮುಖ್ಯ ವಿಜ್ಞಾನಿಯ ಹತ್ತಿರ ಒಂದೆರಡು ಆಳದ ಕಾಸ್ಟ್ ಬೇಡಿಕೊ. ಆಳದಲ್ಲಿ ವಿಂಚ್ ನಿಲ್ಲಿಸಿದ ಕೂಡಲೇ ಬಾಟಲಿ ಮುಚ್ಚಬೇಡ. ಅರ್ಧ ನಿಮಿಷವಾದರೂ ಕಾಯಿ, ಚೌಕಟ್ಟು ಎಳೆದುಕೊಂಡು ಬಂದ ಬೇರೆ ಆಳದ ನೀರು ತೊಳೆದುಹೋಗಲಿ.

ಆ ಆಳದ ಓದುಗಳಿಗೆ ಇನ್ನೊಂದು ಗಿರಾಕಿಯೂ ಇದೆ. ಆರ್ಗೊ ತೇಲುಯಂತ್ರಗಳು 2000 ಮೀಟರಿನಿಂದ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಅಂಕಿ ಕಳಿಸುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ದೇಶದ ಪರವಾಗಿ ಅವನ್ನು ನೋಡಿಕೊಳ್ಳುತ್ತದೆ. ಸಮುದ್ರಕ್ಕೆ ಒಮ್ಮೆ ಬಿಟ್ಟ ಯಂತ್ರವನ್ನು ಮತ್ತೆ ಹಿಡಿದು ತಂದು ತೊಳೆಯುವುದು ಬಹಳ ಅಪರೂಪ. ಅದರ ಲವಣಾಂಶ ಸರಿದಿದೆಯೋ ಅಂತ ತಿಳಿಯಲು ಹಡಗಿನವರು ಅದೇ ಪ್ರದೇಶದಲ್ಲಿ ಅಳೆದ ಆಳದ ನೀರೇ ಮುಖ್ಯ ಆಧಾರ. ನೀನು ರಾತ್ರಿ ಮೂರಕ್ಕೆ ಒರೆಸಿದ ಬಾಟಲಿಯ ಬಾಯಿ, ನೀನು ಕಾಣದ ಊರಿನ ಯಾರೋ ಒಬ್ಬರು ಹತ್ತು ವರ್ಷದ ಮೇಲೆ ಮಾಡುವ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಲಾಗ್ ಪುಸ್ತಕದ ಬಗ್ಗೆ ಒಂದು ಮಾತು. ಎಲ್ಲ ಸರಿ ಇದ್ದ ದಿನ ಪುಟ ಚೆಂದ ಇರುತ್ತದೆ, ಅದರಿಂದ ಮುಂದಿನವರಿಗೆ ಉಪಯೋಗ ಕಡಿಮೆ. 'ನಿಸ್ಕಿನ್ 7 ಸೋರುತ್ತಿತ್ತು', 'ಏಸಿ ಎರಡು ತಾಸು ನಿಂತಿತ್ತು', 'ಬಾಟಲಿ 41 ಮತ್ತು 42 ಅದಲುಬದಲಾಗಿರಬಹುದು, ನನ್ನ ತಪ್ಪು' ಅಂತ ಬರೆದ ಸಾಲುಗಳೇ ಬೇಕಾಗುವುದು. ಹೊಂದದ ಅಂಕಿಯನ್ನು ಅಳಿಸಬೇಡ, ಪಕ್ಕದಲ್ಲಿ ಗುರುತು ಹಾಕಿ ಕಾರಣ ಬರೆ. ಕಾರಣ ತಿಳಿಯದಿದ್ದರೆ ತಿಳಿಯಲಿಲ್ಲ ಅಂತ ಬರೆ. ತಿದ್ದದ ಮೂಲ ಅಂಕಿಗಳ ಒಂದು ಪ್ರತಿ ಯಾರೂ ಮುಟ್ಟದ ಕಡೆ ಇರಲಿ. ತಿದ್ದುಪಡಿ ಇವತ್ತು ಒಂದು ಥರ ಮಾಡುತ್ತಾರೆ, ನಾಳೆ ಇನ್ನೊಂದು ಥರ. 2010ರಲ್ಲಿ ಸಮುದ್ರಜಲದ ಲೆಕ್ಕದ ಸೂತ್ರಗಳೇ ಹೊಸದಾದವು. ಮೂಲ ಉಳಿದಿದ್ದವರು ಹೊಸ ಲೆಕ್ಕ ಮಾಡಿಕೊಂಡರು.

ಮೊದಲ ಮೂರು ದಿನ ಹೊಟ್ಟೆ ತೊಳೆಸುತ್ತದೆ. ಹೆದರಬೇಡ, ಖಾಲಿ ಹೊಟ್ಟೆಯಲ್ಲೂ ಇರಬೇಡ, ಒಣ ರೊಟ್ಟಿ ಕಡಿಯುತ್ತಿರು. ತೀರ ಆಗದಿದ್ದರೆ ವಾಚಿನ ಜೊತೆಗಾರರಿಗೆ ಹೇಳಿ ಮಲಗು. ತಲೆ ತಿರುಗುವಾಗ ತುಂಬಿದ ಬಾಟಲಿಗಿಂತ ತುಂಬದ ಬಾಟಲಿ ವಾಸಿ.

ನನ್ನ ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ಖಾಲಿ ಆಂಪೂಲ್ ಇದೆ, ಲೇಬಲ್ಲು ಅರ್ಧ ಹರಿದದ್ದು. ಅದರ ಪಕ್ಕ ನಾನು ಆರು ಸ್ಟೇಷನ್ ಹಾಳು ಮಾಡಿದ ಯಾನದ ಟಿಪ್ಪಣಿ ಪುಸ್ತಕ. ರೈಲು ಹತ್ತುವ ಮುಂಚೆ ಬಂದು ಆ ಪುಟಗಳನ್ನು ಒಮ್ಮೆ ನೋಡಿ ಹೋಗು. ತಿರುಗಿ ಬಂದ ಮೇಲೆ ಯಾನದ ಮುಂಚಿನ ಪರೀಕ್ಷೆಯ ಕಾಗದ, ಆಮೇಲಿನದು ಬಂದಿದ್ದರೆ ಅದು, ಜೊತೆಗೆ ನಿನ್ನ ಲಾಗಿನ ನಕಲು ತಗೊಂಡು ಬಾ. ಊಟದ ಟೇಬಲ್ಲಿನ ಮೇಲೆ ಹರವಿಕೊಂಡು ಕೂಡೋಣ. ಬಾಟಲಿಗಳು ಏನು ಹೇಳಿದವು ಅಂತ ನನಗೂ ಕೇಳಬೇಕಾಗಿದೆ.

ನಿನ್ನ ಅಜ್ಜ
ವಿದ್ಯಾನಗರ, ಹುಬ್ಬಳ್ಳಿ